ಕೊನೆಯಿಂದ ಎರಡನೆಯ ಹೆಜ್ಜೆ

“ಅಲ್ಲಾಡ್ಬೇಡ ಕಣೇ, ಇನ್ನು ಒಂದೇ ಒಂದು,” ಎನ್ನುತ್ತ ಚುಕ್ಕಿ ಮೇಡಂ ನೆಲಕ್ಕೆ ಮಂಡಿಯೂರಿ, ಹುಡುಗಿಯ ಎಡಗಾಲಿನ ಗಿಣ್ಣಿಗೆ ಬಿಳಿಯ ಚುಕ್ಕಿಯೊಂದನ್ನು ಅಂಟಿಸಿ ಹೆಬ್ಬೆರಳಿನಿಂದ ಒತ್ತಿದರು. ಮಂಡಿ, ಸೊಂಟ, ಹೆಗಲು, ಮೊಣಕೈ, ಮುಂಗೈ ಎಲ್ಲಕ್ಕೂ ಆಗಲೇ ಒಂದೊಂದು ಅಂಟಿಸಿಯಾಗಿತ್ತು. ಕಪ್ಪು ಬಿಗಿಯುಡುಪಿನ ಮೇಲೆ ಅವು ಬೆಳಗಿನ ಬಿಸಿಲಿಗೆ ಹೊಳೆಯುತ್ತಿದ್ದವು.

ಮರಳುಗುಂಡಿಯ ಅಂಚಿನಲ್ಲಿ ಮೈದಾನದ ಕಾವಲುಗಾರ, ಮರಳು ಸಮಮಾಡುವ ಕೋಲಿಗೆ ಗದ್ದವೂರಿಕೊಂಡು ಎಲ್ಲವನ್ನೂ ನೋಡುತ್ತಿದ್ದ. “ಅಲ್ಲ ಮೇಡಂ, ಇಷ್ಟು ದಿನ ಮಿಡತೆ ಆಗಿದ್ಳು. ಈಗ ಚಿರತೆ ಮಾಡ್ತಿದ್ದೀರಲ್ಲ!”

“ಸುಮ್ನಿರಣ್ಣಾ,” ಎಂದಳು ಹುಡುಗಿ. “ನಕ್ಕರೆ ಚುಕ್ಕಿ ಬಿದ್ದೋಗುತ್ತೆ.”

ಅವಳನ್ನು ಮಿಡತೆ ಎಂದು ಮೊದಲು ಕರೆದವರು ಮೇಷ್ಟ್ರು. ಹನ್ನೊಂದು ವರ್ಷದ ಹಿಂದೆ, ಶಾಲೆಯ ಗೋಡೆ ಹಾರಿ ಮನೆಗೆ ಓಡುತ್ತಿದ್ದವಳನ್ನು ಹಿಡಿದು ತಂದು, “ಅಲ್ಲಿ ಹಾರೋದನ್ನ ಇಲ್ಲಿ ಹಾರು” ಎಂದು ಇದೇ ಮರಳಿನ ಮುಂದೆ ನಿಲ್ಲಿಸಿದ್ದರು. ಈಗ ಅವಳಿಗೆ ಇಪ್ಪತ್ತಮೂರು. ಮಧ್ಯಾಹ್ನದ ಮೇಲೆ ಪಾರ್ಸೆಲ್ ಕಚೇರಿಯಲ್ಲಿ ಪೊಟ್ಟಣಗಳನ್ನು ವಿಂಗಡಿಸುವ ಕೆಲಸ, ಬೆಳಗ್ಗೆಯೆಲ್ಲ ಉದ್ದಜಿಗಿತ. ಮೇಷ್ಟ್ರಿಗೆ ಎಪ್ಪತ್ತು ತುಂಬುವುದರಲ್ಲಿತ್ತು. ಮಿಕ್ಕ ಶಿಷ್ಯರೆಲ್ಲ ಒಬ್ಬೊಬ್ಬರಾಗಿ ಹೊಸ ತರಬೇತುದಾರರ ಕಡೆ ಸರಿದು, ಅವಳೊಬ್ಬಳು ಉಳಿದಿದ್ದಳು.

ಮೂರು ವಾರ ಕಳೆದರೆ ಆಯ್ಕೆ. ಆರು ಮೀಟರು ಇಪ್ಪತ್ತು ಸೆಂಟಿಮೀಟರು ಹಾರದವರಿಗೆ ಇನ್ನು ಮುಂದೆ ಈ ಮೈದಾನದಲ್ಲಿ ಜಾಗವಿಲ್ಲವೆಂದು ಕ್ರೀಡಾ ಸಂಘದಿಂದ ಕಾಗದ ಬಂದಿತ್ತು. ಎರಡು ವರ್ಷದ ಹಿಂದೆಯೇ ಅವಳು ಆರು ಹನ್ನೆರಡು ಹಾರಿದ್ದಳು. ಅಲ್ಲಿಂದ ಮೇಲೇರಬೇಕಾದವಳು ಯಾಕೋ ಇಳಿದಳು. ಆರು, ಐದು ತೊಂಬತ್ತೆಂಟು, ಆರು ಸೊನ್ನೆ ಎರಡು, ಮತ್ತೆ ಆರು. ಓಟದ ಬಿರುಸು ಹೆಚ್ಚಿತ್ತು, ತೊಡೆಯ ಬಲ ಹೆಚ್ಚಿತ್ತು, ಜಿಗಿತ ಮಾತ್ರ ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಅಲ್ಲಲ್ಲೇ ಸುತ್ತುತ್ತಿತ್ತು. ಕೊನೆಗೆ ಅವಳೇ ಹೋಗಿ ಚುಕ್ಕಿ ಮೇಡಂ ಅವರನ್ನು ಕೇಳಿಕೊಂಡಿದ್ದಳು. ಪ್ರೇಕ್ಷಕರ ಮೆಟ್ಟಿಲುಗಳ ಕೆಳಗೆ ಹೊಸದಾಗಿ ಒಂದು ಕೋಣೆ ತೆರೆದು, ಆಟಗಾರರ ಚಲನೆಯನ್ನು ಕ್ಯಾಮೆರಾದಲ್ಲಿ ಹಿಡಿದು ಕಂಪ್ಯೂಟರಿನಲ್ಲಿ ಬಿಡಿಸಿ ನೋಡುವ ಕೆಲಸ ಆ ಮೇಡಂದು. ಮೇಷ್ಟ್ರು ಬೇಡ ಎನ್ನಲಿಲ್ಲ. ಹೂಂ ಅಂತಲೂ ಅನ್ನಲಿಲ್ಲ.

ಅವರು ಎಂದಿನಂತೆ ಜಿಗಿತದ ಹಲಗೆಗೆ ನೇರವಾಗಿ ಹಾಕಿದ ಮರದ ಬೆಂಚಿನ ಮೇಲೆ, ಕಣ್ಣು ಮುಚ್ಚಿ, ಬಲಗೈಯನ್ನು ಮಂಡಿಯ ಮೇಲಿಟ್ಟು ಕೂತಿದ್ದರು. ಮೂವತ್ತೆಂಟು ವರ್ಷದಿಂದ ಅವರು ಹೆಚ್ಚಾಗಿ ಕೂತದ್ದು ಹಾಗೆಯೇ. ಓಟವನ್ನು ಕೇಳಬೇಕು, ನೋಡಬಾರದು ಎನ್ನುವುದು ಅವರ ಪಾಠ. “ಕಣ್ಣು ಮೂಗು-ಮೂತಿ ನೋಡುತ್ತೆ, ಬಟ್ಟೆ ನೋಡುತ್ತೆ. ಕಿವಿ ಹೆಜ್ಜೆ ಬಿಟ್ಟು ಇನ್ನೇನೂ ನೋಡಲ್ಲ” ಎನ್ನುತ್ತಿದ್ದರು. ಹದಿನೆಂಟು ಹೆಜ್ಜೆಯ ಓಟದಲ್ಲಿ ಹನ್ನೊಂದನೆಯದು ಕೂದಲೆಳೆಯಷ್ಟು ತಡವಾದರೂ ಅವರ ಬೆರಳು ಮಂಡಿಯ ಮೇಲೆ ತಡವರಿಸುತ್ತಿತ್ತು.

ಈ ಅಭ್ಯಾಸ ಇದ್ದದ್ದರಿಂದಲೇ, ಎರಡು ವರ್ಷದ ಹಿಂದೆ ಅವರ ಕಣ್ಣಿನ ನಡುಭಾಗ ಸವೆದುಹೋದದ್ದು ಯಾರಿಗೂ ತಿಳಿಯಲಿಲ್ಲ. ಕಣ್ಣಿನ ಡಾಕ್ಟರು ಕಣ್ಣೊಳಗಿನ ಪರದೆ ನಡುವೆ ಒಣಗಿದೆ, ಹೋದ ನೋಟವನ್ನು ಮತ್ತೆ ತರಿಸಲಾಗದು ಎಂದಿದ್ದರು. ಅಂಚಿನಲ್ಲಿ ಬೆಳಕಿತ್ತು. ನಡುವೆ ಹೊಗೆಯ ಮುದ್ದೆಯೊಂದು ಕೂತಿತ್ತು. “ನೋಡಿದ್ದು ಕಾಣಲ್ಲ, ನೋಡದೇ ಇದ್ದದ್ದು ಕಾಣುತ್ತೆ. ದೇವರ ತಮಾಷೆ ನೋಡು,” ಎಂದು ಮನೆಯಾಕೆಯ ಹತ್ತಿರ ಹೇಳಿ ನಕ್ಕಿದ್ದರು. ಆಕೆ ನಕ್ಕಿರಲಿಲ್ಲ. ಗೊತ್ತಿದ್ದದ್ದು ಆಕೆಗೆ ಮಾತ್ರ ಎಂದು ಅವರು ನಂಬಿದ್ದರು. ಕಣ್ಣಿಲ್ಲದವನ ಕೈಗೆ ಸಂಘದವರು ಶಿಷ್ಯೆಯನ್ನು ಬಿಡುತ್ತಾರೆಯೇ?

“ಬಾರೇ ಮಿಡತೆ,” ಎಂದರು ಮೇಷ್ಟ್ರು.

ಅವಳು ಓಡಿದಳು. ದೂರದಲ್ಲಿ ಸಣ್ಣಗೆ ಹುಟ್ಟಿದ ಸದ್ದು ದಪ್ಪವಾಗುತ್ತ, ಬಿಗಿಯಾಗುತ್ತ ಬಂದು, ಹಲಗೆಗಿಂತ ಒಂದು ಹೆಜ್ಜೆ ಮೊದಲು ಧಪ್ಪೆಂದಿತು. ಮೇಷ್ಟ್ರ ಮುಖ ಅರಳಿತು. ಆಮೇಲೆ ಹಲಗೆ, ಆಮೇಲೆ ಮರಳು. ಎರಡು ಕ್ಯಾಮೆರಾಗಳು ಸೆಕೆಂಡಿಗೆ ಇನ್ನೂರ ನಲವತ್ತು ಚಿತ್ರದ ಲೆಕ್ಕದಲ್ಲಿ ಅದನ್ನೆಲ್ಲ ನುಂಗಿದವು. ಕಾವಲುಗಾರ ಟೇಪು ಎಳೆದು, “ಆರು ಸೊನ್ನೆ ಒಂದು” ಎಂದು, ಯಾರ ಮುಖವನ್ನೂ ನೋಡದೆ ಮರಳು ಎಳೆಯತೊಡಗಿದ.

*

ಕೋಣೆಗೆ ಕಿಟಕಿಯಿರಲಿಲ್ಲ. ಬಾಗಿಲು ಮುಚ್ಚಿದೊಡನೆ ಹಗಲು ಹೊರಗೇ ಉಳಿಯಿತು. ಮೇಷ್ಟ್ರು ಹುಡುಗಿಯ ಭುಜ ಹಿಡಿದು ಬಂದು ಕುರ್ಚಿಯಲ್ಲಿ ಕೂತರು. ತಾವು ನೋಡಲಾರದ್ದನ್ನು ನೋಡಿದಂತೆ ತಲೆಯಾಡಿಸುವುದು ಅವರಿಗೆ ಎರಡು ವರ್ಷದಲ್ಲಿ ರೂಢಿಯಾಗಿತ್ತು. ಇವತ್ತೂ ಆ ತಯಾರಿಯಲ್ಲೇ ಬಂದಿದ್ದರು.

“ಮೊದಲು ದೇಹ ತೆಗೆದುಬಿಡ್ತೀನಿ ಸರ್,” ಎಂದರು ಮೇಡಂ.

“ತೆಗೆದು ಎಲ್ಲಿಡ್ತೀಯಮ್ಮ?” ಎಂದರು ಮೇಷ್ಟ್ರು.

“ಚುಕ್ಕಿ ಮಾತ್ರ ಉಳಿಸ್ತೀನಿ. ಮಧ್ಯೆ ಗೆರೆ ಎಳೆಯೋದು ಅದೇ ಮಾಡುತ್ತೆ,” ಎಂದು ಅವರು ಗುಂಡಿ ಒತ್ತಿದರು.

ಕತ್ತಲ ಗೋಡೆಯ ತುಂಬ, ಮಾಡಿನಿಂದ ನೆಲದವರೆಗೆ, ಬೆಳ್ಳಗೆ ಬೆಳಗುವ ಗೆರೆಗಳ ಒಬ್ಬ ಹುಡುಗಿ ನಿಂತಿದ್ದಳು. ಅವಳಿಗೆ ಮುಖವಿರಲಿಲ್ಲ, ಬಟ್ಟೆಯಿರಲಿಲ್ಲ, ಮಾಂಸವಿರಲಿಲ್ಲ. ಹದಿನೇಳು ಚುಕ್ಕಿ, ಅವನ್ನು ಕೂಡಿಸುವ ಗೆರೆ, ಅಷ್ಟೇ. ಅವಳು ಒಮ್ಮೆ ಹಿಂದಕ್ಕೆ ತೂಗಿ, ಮುಂದಕ್ಕೆ ಬಾಗಿ, ಓಡತೊಡಗಿದಳು.

ಮೇಷ್ಟ್ರು ತಲೆಯಾಡಿಸಲಿಲ್ಲ. ಮುಖವನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿ, ಗೋಡೆಯನ್ನು ಕಣ್ಣಂಚಿಗೆ ತಂದುಕೊಂಡರು. ಹಾಗೆಯೇ ಕುರ್ಚಿಯಿಂದ ಎದ್ದರು.

“ಇನ್ನೊಂದ್ಸಲ ಹಾಕು ತಾಯಿ.”

ಮೇಡಂ ಹಾಕಿದರು.

“ಇನ್ನೂ ಒಂದ್ಸಲ. ಮೆತ್ತಗೆ.”

ಗೆರೆಗಳ ಹುಡುಗಿ ನೀರಿನೊಳಗೆ ಓಡುವವಳಂತೆ ಬಂದಳು. ಮಂಡಿ ಏರಿತು, ಎದುರು ಕೈ ಅದಕ್ಕೆ ಉತ್ತರ ಕೊಟ್ಟಿತು, ಸೊಂಟ ಎರಡರ ನಡುವೆ ರಾಜಿ ಮಾಡಿಸಿತು. ಮೇಷ್ಟ್ರ ತುಟಿ ಅಲುಗುತ್ತಿತ್ತು. ಅದು ಹೆಜ್ಜೆಯ ಎಣಿಕೆಯೋ, ದೇವರ ಹೆಸರೋ, ಪಕ್ಕದಲ್ಲಿದ್ದ ಹುಡುಗಿಗೆ ತಿಳಿಯಲಿಲ್ಲ. ಎರಡು ವರ್ಷದಿಂದ ಅವರು ಅವಳ ಓಟವನ್ನು ಕಂಡಿರಲಿಲ್ಲ. ಹತ್ತಿರ ಬಂದರೆ ಕರಗುವ ಹೊಗೆ, ದೂರ ಹೋದರೆ ಬಣ್ಣದ ಕಲೆ, ಅವರ ಪಾಲಿಗೆ ಅವಳು ಇಷ್ಟೇ ಆಗಿದ್ದಳು. ಈಗ ಮೈಯನ್ನೆಲ್ಲ ಕಳಚಿಟ್ಟು, ಬರೀ ಚಲನೆಯಾಗಿ, ಗೋಡೆಯಷ್ಟು ದೊಡ್ಡವಳಾಗಿ ಬಂದಿದ್ದಳು.

“ಇವಳೇ,” ಎಂದರು ಮೇಷ್ಟ್ರು. “ಮುಖ ಇಲ್ದಿದ್ರೂ ಇವಳೇ. ಬಲಗೈ ಒಂದು ಚೂರು ಹೊರಗೆ ಚೆಲ್ತಾಳೆ ನೋಡು, ಹನ್ನೆರಡು ವರ್ಷದವಳಿದ್ದಾಗ್ಲೂ ಹೀಗೇ. ದೇವರು ಮನುಷ್ಯನನ್ನ ಮಾಡೋಕೆ ಮುಂಚೆ, ಮಣ್ಣು ಕೈಗೆತ್ತಿಕೊಳ್ಳೋಕೂ ಮುಂಚೆ, ಮನಸ್ಸಲ್ಲಿ ಬರೆದುಕೊಂಡಿದ್ದು ಹೀಗೇ ಇದ್ದಿರಬೇಕು.”

ಮೇಡಂ ತಮ್ಮ ಕೆಲಸದಲ್ಲಿ ಇಂಥ ಮಾತು ಕೇಳಿದವರಲ್ಲ. ಇನ್ನೊಂದು ಗುಂಡಿ ಒತ್ತಿದರು. ಹುಡುಗಿಯ ಹೊಕ್ಕಳಿನ ನೇರಕ್ಕೆ, ಮೈಭಾರದ ನಡುವೆ, ಒಂದು ಹಳದಿ ಚುಕ್ಕಿ ಮೂಡಿ, ಅವಳು ಓಡಿದಂತೆಲ್ಲ ಹಿಂದೆ ಗೆರೆ ಬಿಡುತ್ತ ಹೋಯಿತು. ಅವಳು ನೆಲ ಬಿಟ್ಟಾಗ ಗೆರೆ ಕಮಾನಾಗಿ ಎದ್ದು, ಮರಳಿನ ಮೇಲೆ ಬಾಗಿತು.

“ನೆಲ ಬಿಟ್ಟಮೇಲೆ ಈ ಕಮಾನು ಬದಲಾಗಲ್ಲ ಸರ್. ಕೈ ಬೀಸಲಿ, ಕಾಲು ಒದೀಲಿ, ಏನೇ ಮಾಡಲಿ. ಬಿಡೋ ಆ ಒಂದು ಗಳಿಗೇಲಿ ಎಲ್ಲ ಬರೆದಾಗಿರುತ್ತೆ.”

“ಮೂವತ್ತೆಂಟು ವರ್ಷದಿಂದ ಇದನ್ನೇ ಹೇಳ್ಕೊಂಡು ಬಂದೆ,” ಎಂದರು ಮೇಷ್ಟ್ರು ಮೆಲ್ಲಗೆ. “ಬರೆದಿದ್ದನ್ನ ಓದಿದ್ದು ಇವತ್ತು.”

ಅವರು ಗೋಡೆಯ ಹತ್ತಿರ ಹೋಗಿ, ಓರೆ ನೋಟದಲ್ಲೇ, ಹಳದಿ ಗೆರೆಯ ಮೇಲೆ ಬೆರಳಾಡಿಸಿದರು. ಓಟದುದ್ದಕ್ಕೂ ಸಣ್ಣ ಅಲೆಗಳಂತೆ ಬಂದ ಗೆರೆ, ಹಲಗೆಗೆ ಒಂದು ಹೆಜ್ಜೆ ಮೊದಲು ಕಲ್ಲು ಬಡಿದಂತೆ ಕುಲುಕಿ ಕುಸಿದಿತ್ತು. ಬೆರಳು ಅಲ್ಲಿ ನಿಂತಿತು.

“ಇಲ್ಲೇನಾಗಿದೆ?”

“ನಾನು ತೋರಿಸ್ಬೇಕು ಅಂತಿದ್ದಿದ್ದೇ ಅದು,” ಎಂದರು ಮೇಡಂ. “ಇಲ್ಲಿ ಇವಳು ಹಿಮ್ಮಡಿ ಕುಟ್ತಾಳೆ. ಮೆತ್ತಗೆ ಉರುಳಿಸ್ಬೇಕಾದ ಪಾದಾನ ಮುಂದಕ್ಕೆ ಚಾಚಿ ಗುದ್ದುತಾಳೆ. ಅಷ್ಟು ದೂರದಿಂದ ತಂದ ವೇಗಕ್ಕೆ ಇಲ್ಲಿ ಬ್ರೇಕ್ ಬೀಳುತ್ತೆ. ಹಳೇ ವಿಡಿಯೊ ಏನಾದ್ರೂ ಇದ್ರೆ ಹೋಲಿಸಿ ನೋಡ್ಬಹುದು.”

ಇತ್ತು. ಆರು ಹನ್ನೆರಡು ಹಾರಿದ ದಿನ ಕಾವಲುಗಾರ ತನ್ನ ಫೋನಿನಲ್ಲಿ ಹಿಡಿದು ಹುಡುಗಿಗೆ ಕಳಿಸಿದ್ದ. ಮೇಡಂ ಅದನ್ನು ಯಂತ್ರಕ್ಕೆ ಉಣಿಸಿ, ಕೈಯಲ್ಲೇ ಒಂದೊಂದು ಕೀಲಿಗೂ ಚುಕ್ಕಿಯಿಟ್ಟು ಮುಗಿಸುವಾಗ ಮುಕ್ಕಾಲು ಗಂಟೆಯಾಯಿತು. ಮೇಷ್ಟ್ರು ಅಲುಗಲಿಲ್ಲ. ಹುಡುಗಿ ಮಾತ್ರ ಉಗುರು ಕಚ್ಚುತ್ತ ಬಾಗಿಲ ಕಡೆ ಎರಡು ಸಲ ನೋಡಿದಳು.

ಹಳೆಯವಳು ಹಸಿರು, ಈಗಿನವಳು ಬಿಳುಪು. ಇಬ್ಬರನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿ ಓಡಲು ಬಿಟ್ಟರು. ಬಿಳಿಯವಳು ಹೆಚ್ಚು ಬಿರುಸು. ಹದಿನಾರು ಹೆಜ್ಜೆ ತುಂಬುವಷ್ಟರಲ್ಲಿ ಅರ್ಧ ಮೈ ಮುಂದಿದ್ದಳು. ಹದಿನೇಳನೆಯದಕ್ಕೆ ಅವಳು ನೆಲ ಗುದ್ದಿದಳು. ಹಿಂದಿದ್ದ ಹಸಿರು ಹುಡುಗಿ ಸದ್ದಿಲ್ಲದವಳ ಹಾಗೆ ಅವಳೊಳಗಿಂದಲೇ ಹಾದು, ಮುಂದೆ ಹೋಗಿ, ಹಾರಿದಳು.

ತನ್ನನ್ನು ತಾನೇ ಹಿಂದೆ ಹಾಕಿಹೋದದ್ದನ್ನು ಹುಡುಗಿ ಬಾಯಿ ತೆರೆದು ನೋಡುತ್ತಿದ್ದಳು.

“ಯಾಕಮ್ಮ ಗುದ್ದೋಕೆ ಶುರುಮಾಡ್ದೆ?” ಎಂದು ಮೇಷ್ಟ್ರು ಕೇಳಿದರು. “ನಾನು ಹೇಳ್ಕೊಟ್ಟಿದ್ದಲ್ಲ ಇದು.”

ಅವಳು ಗೋಡೆಯಿಂದ ಕಣ್ಣು ತೆಗೆದು ನೆಲ ನೋಡಿದಳು. ಮೇಡಂ ತಿರುಗಿ ನೋಡಿದರು. ಕಂಪ್ಯೂಟರಿನ ಬೀಸಣಿಗೆಯ ಸದ್ದು ಮಾತ್ರ ಇತ್ತು. ಮೇಷ್ಟ್ರ ಕೈ ಗೋಡೆಯಿಂದ ಜಾರಿ, ಕುರ್ಚಿಯ ಬೆನ್ನನ್ನು ಹುಡುಕಿ ಹಿಡಿಯಿತು. ಧಪ್ಪೆನ್ನುವ ಆ ಹೆಜ್ಜೆಗೆ ಪ್ರತಿದಿನ ಅರಳುತ್ತಿದ್ದ ತಮ್ಮ ಮುಖವನ್ನು ಅವರು ಆ ಗಳಿಗೆಯಲ್ಲಿ ಯಾವ ಕಣ್ಣಿಂದ ಕಂಡರೋ, ನಿಧಾನವಾಗಿ ಕೂತುಬಿಟ್ಟರು.

*

ಹೊರಗೆ ಬಂದು ನಲ್ಲಿಯ ಹತ್ತಿರ ಮುಖ ತೊಳೆದ ಮೇಲೆ ಮೇಷ್ಟ್ರು ಕೇಳಿದರು. “ಯಾವಾಗ್ಲಿಂದ ಗೊತ್ತು ನಿಂಗೆ?”

“ಏನು ಸರ್?”

“ನಾಟಕ ಆಡ್ಬೇಡ.”

ಹುಡುಗಿ ಚುಕ್ಕಿಗಳನ್ನು ಒಂದೊಂದಾಗಿ ಕಿತ್ತು ಅಂಗೈಗೆ ಅಂಟಿಸಿಕೊಳ್ಳುತ್ತಿದ್ದಳು. “ಅವತ್ತು ಜೋರು ಗಾಳಿ ಇತ್ತಲ್ಲ. ನಾನು ಹಾರಿ ಬಂದು ನಿಮ್ಮೆದುರಿಗೇ ನಿಂತಿದ್ದೆ. ನೀವು ‘ಮಿಡತೆ ಎಲ್ಲೋ, ಕೊನೇ ಎರಡು ಹೆಜ್ಜೆ ಕೇಳಿಸ್ಲೇ ಇಲ್ಲ’ ಅಂತ ಕಾವಲಣ್ಣನ್ನ ಕೇಳಿದ್ರಿ. ನಿಮ್ಮ ಮುಖ…” ಅವಳು ಇನ್ನೊಂದು ಚುಕ್ಕಿ ಕಿತ್ತಳು. “ಸಂತೇಲಿ ಅಮ್ಮನ ಕೈ ಬಿಟ್ಟೋದ ಮಗು ಥರ ಇತ್ತು. ಮಾರನೇ ದಿನ ಒಂಚೂರು ಜೋರಾಗಿ ಇಟ್ಟೆ. ‘ಹಾಂ, ಈಗ ಸರಿ’ ಅಂದ್ರಿ. ಅಷ್ಟೇ. ಅದ್ರಿಂದ ಜಿಗಿತ ಕಮ್ಮಿ ಆಗುತ್ತೆ ಅಂತ ಆಣೆಗೂ ಗೊತ್ತಿರ್ಲಿಲ್ಲ ಸರ್. ಆಮೇಲಾಮೇಲೆ ಕಾಲೇ ಹಾಗೆ ಕಲ್ತುಬಿಡ್ತು.”

“ಕಾವಲುಗಾರನಿಗೂ ಗೊತ್ತಾ?”

“ನಾನು ಹಲಗೆ ಪಟ್ಟಿ ದಾಟಿ ಫೌಲಾದಾಗೆಲ್ಲ ಊರಿಗೇ ಕೇಳೋ ಹಾಗೆ ಕೂಗ್ತಾನಲ್ಲ. ಮತ್ಯಾಕೆ ಅಂದ್ಕೊಂಡ್ರಿ?”

ಮೇಷ್ಟ್ರು ನಲ್ಲಿಯ ಕಟ್ಟೆಗೆ ಕೈಯೂರಿದರು. ಆಮೇಲೆ ಅವರ ಹೊಟ್ಟೆ ಅಲುಗತೊಡಗಿತು. ಅಳುತ್ತಿದ್ದಾರೆಂದು ಹೆದರಿ ಹುಡುಗಿ ನೋಡಿದರೆ, ನಗುತ್ತಿದ್ದರು. “ಎರಡು ವರ್ಷ ನಾನು ನಿಮ್ಮನ್ನೆಲ್ಲ ಏಮಾರಿಸ್ತಾ ಇದ್ದೀನಿ ಅಂತ ಬೀಗ್ಕೊಂಡಿದ್ದೆ ಕಣೇ!”

ಮರುದಿನ ಅವರು ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಬಂದರು. ಕೇಳಿಸುವುದೇ ಇಲ್ಲವೆಂದಾದರೆ ಕೇಳಿಸುವ ಗೊಡವೆಯೂ ಅವಳಿಗಿರಬಾರದು ಎಂಬುದು ಅವರ ಉಪಾಯ. ಕಾವಲುಗಾರ, “ಗುರುಗಳೇ, ಮೂಗೊಂದು ಉಳೀತು, ಅದಕ್ಕೂ ಇಟ್ಕೊಂಡ್ಬಿಡಿ” ಎಂದು ಕೂಗಿದ. ಅವರಿಗೆ ಕೇಳಿಸಲಿಲ್ಲ. ಪ್ರಯೋಜನವೂ ಆಗಲಿಲ್ಲ. ಬುದ್ಧಿಗೆ ತಿಳಿದದ್ದು ಪಾದಕ್ಕೆ ತಿಳಿದಿರಲಿಲ್ಲ. ಹದಿನೇಳನೆಯ ಹೆಜ್ಜೆ ತನ್ನ ಪಾಡಿಗೆ ತಾನು ಗುದ್ದುತ್ತಲೇ ಇತ್ತು. ಮೇಡಂ ಗೋಡೆಯ ಮೇಲೆ ತೋರಿಸುವ ಹಳದಿ ಗೆರೆ ದಿನವೂ ಅದೇ ಜಾಗದಲ್ಲಿ ಕುಲುಕುತ್ತಿತ್ತು.

ಒಂದು ವಾರ ಹೀಗೇ ಹೋಯಿತು. ಅಂದು ಊಟಕ್ಕೆ ಕೂತಾಗ ಮನೆಯಾಕೆ ಅನ್ನ ಬಡಿಸುತ್ತ, “ಆ ಮಗೂನ ಬೇರೆ ಯಾರ ಹತ್ರಾನಾದ್ರೂ ಕಳಿಸ್ಬಾರದೇನ್ರೀ? ನೀವಿರೋವರೆಗೂ ಅವಳ ಕಾಲು ನಿಮ್ಮನ್ನ ಮರೆಯಲ್ಲ” ಎಂದರು.

ಮೇಷ್ಟ್ರು ತುತ್ತನ್ನು ತಟ್ಟೆಗೇ ಇಳಿಸಿದರು. ತಾವೂ ಅದನ್ನೇ ಯೋಚಿಸಿದ್ದುಂಟು. ಅದು ನ್ಯಾಯವೂ ಹೌದು. “ಕಳಿಸೋಣ,” ಎಂದರು ಕೊನೆಗೆ. “ಆದ್ರೆ ಹೀಗೆ ಅಲ್ಲ. ನನಗೋಸ್ಕರ ಕಲ್ತಿದ್ದನ್ನ ನನ್ನೆದುರಿಗೇ ಬಿಡಬೇಕು. ಇಲ್ದಿದ್ರೆ ಎಲ್ಲಿಗೆ ಹೋದ್ರೂ ಆ ಗುದ್ದು ಅವಳ ಜೊತೇಲೇ ಹೋಗುತ್ತೆ.”

ಬೆಳಗ್ಗೆ ಹತ್ತಿ ಬಿಸುಟು, ಬೆಂಚನ್ನು ಹಲಗೆಗೆ ಇನ್ನೂ ಎರಡು ಮಾರು ಹತ್ತಿರ ಎಳೆಸಿದರು. “ಕೇಳು. ಇವತ್ತಿಂದ ಹಲಗೆ ಮೇಲಿನ ಪಟ್ಟಿ ಲೆಕ್ಕಕ್ಕಿಲ್ಲ. ಆ ಹೆಜ್ಜೆ ನನ್ನ ಕಿವಿಗೆ ಬಿದ್ರೆ ಫೌಲು. ಎಷ್ಟೇ ದೂರ ಹಾರು, ಅಳೆಯೋ ಹಾಗಿಲ್ಲ.”

“ನಿಮ್ಮ ಕಿವಿಯಿಂದ ತಪ್ಪಿಸ್ಕೊಳ್ಳೋಕೆ ಆಗುತ್ತಾ ಸರ್? ಇರುವೆ ಸೀನಿದ್ರೂ ಕೇಳಿಸುತ್ತೆ ನಿಮಗೆ.”

“ಅದಕ್ಕೇ ಹೇಳ್ತಿರೋದು.”

ಮೊದಲ ದಿನ ಇಪ್ಪತ್ತೆರಡು ಓಟ, ಇಪ್ಪತ್ತೆರಡೂ ಫೌಲು. ಮೇಷ್ಟ್ರು ಪ್ರತಿ ಸಲವೂ ಬರಿ ಕೈ ಎತ್ತುವರು. ಕಾವಲುಗಾರ ಟೇಪನ್ನು ಸುತ್ತಿಡುವನು. ಮೂರನೆಯ ದಿನ ಒಂದು ಸಲ ಅವರ ಕೈ ಅರ್ಧಕ್ಕೆ ಎದ್ದು ಅಲ್ಲಿಯೇ ಅನುಮಾನಿಸಿತು. ಹತ್ತನೆಯ ದಿನ, ಎರಡು ಓಟಗಳಿಗೆ ಏಳಲೇ ಇಲ್ಲ. ಆ ಎರಡು ಸಲವೂ ಅವರ ಮುಖದ ಮೇಲೆ ಆ ಗಾಳಿಯ ದಿನದ ಭಯ ಬಂದುಹೋದದ್ದನ್ನು ಹುಡುಗಿ ಮರಳಿನಲ್ಲಿ ಕೂತೇ ಕಂಡಳು. ಕಂಡು, ಮೂರನೆಯ ಓಟಕ್ಕೆ ಮತ್ತೆ ಗುದ್ದಿದಳು. ಮೇಷ್ಟ್ರು ಕೈ ಎತ್ತಿದರು. “ನನ್ನ ಮುಖ ನೋಡಿ ಓಡ್ಬೇಡ,” ಎಂದು ಗದರಿದರು. “ನನ್ನ ಮುಖದಲ್ಲಿ ಏನು ಬರುತ್ತೋ ನನಗೇ ಗೊತ್ತಾಗಲ್ಲ. ಅದನ್ನ ದೇವರು ನೋಡ್ಕೋತಾನೆ.”

*

ಆಯ್ಕೆಯ ದಿನ ಗಾಳಿಯಿರಲಿಲ್ಲ. ಮೆಟ್ಟಿಲುಗಳ ಮೇಲೆ ಅಲ್ಲೊಬ್ಬರು ಇಲ್ಲೊಬ್ಬರು ಕೂತಿದ್ದರು. ಬಿಳಿ ಬಾವುಟ, ಕೆಂಪು ಬಾವುಟ ಹಿಡಿದ ಅಧಿಕಾರಿ ಹಲಗೆಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡಿದ್ದ. ತರಬೇತುದಾರರ ಸಾಲಿನ ಮೊದಲ ಜಾಗದಲ್ಲಿ ಮೇಷ್ಟ್ರು, ಅವರ ಪಕ್ಕ ಚುಕ್ಕಿ ಮೇಡಂ. ಇವತ್ತು ಕ್ಯಾಮೆರಾ ಇರಲಿಲ್ಲ.

ಒಬ್ಬೊಬ್ಬರಿಗೆ ಮೂರು ಜಿಗಿತ. ಮೊದಲನೆಯದರಲ್ಲಿ ಹುಡುಗಿ ಆರು ಸೊನ್ನೆ ಮೂರು ಹಾರಿದಳು. ಜಿಗಿತ ಸರಿಯೆಂದು ಅಧಿಕಾರಿ ಬಿಳಿ ಬಾವುಟ ಎತ್ತಿದ. ಮೇಷ್ಟ್ರು, “ಫೌಲು” ಎಂದು ತಮಗೆ ತಾವೇ ಹೇಳಿಕೊಂಡರು. ಎರಡನೆಯದು ನಿಜವಾಗಿಯೂ ಫೌಲು, ಕಾಲ್ಬೆರಳು ಹಲಗೆಯ ಆಚೆ ಬಿದ್ದಿತ್ತು. ಅವಳು ಓಟದ ಪಟ್ಟಿಯ ಆ ತುದಿಗೆ ವಾಪಸು ನಡೆದುಹೋಗುವಾಗ ಒಮ್ಮೆಯೂ ಸಾಲಿನ ಕಡೆ ತಿರುಗಲಿಲ್ಲ.

“ಏನ್ ಮಾಡ್ತಿದಾಳೆ?” ಎಂದು ಮೇಷ್ಟ್ರು ಕೇಳಿದರು.

“ಕಣ್ಣು ಮುಚ್ಕೊಂಡು ನಿಂತಿದಾಳೆ ಸರ್,” ಎಂದರು ಮೇಡಂ.

ಮೇಷ್ಟ್ರೂ ಮುಚ್ಚಿದರು. ಹೆಜ್ಜೆಗಳು ಹುಟ್ಟಿದವು. ಬಿತ್ತನೆಯಂತೆ ಬಿಡಿಬಿಡಿಯಾಗಿದ್ದದ್ದು ಸಾಲಾಯಿತು, ಸಾಲು ಬಿಗಿದು ಒಂದೇ ಎಳೆಯಾಯಿತು. ಹದಿಮೂರು, ಹದಿನಾಲ್ಕು, ಅವರ ಬೆರಳು ಮಂಡಿಯ ಮೇಲೆ ತಟ್ಟುತ್ತ ಬಂತು. ಹದಿನೈದು. ಹದಿನಾರು.

ಆಮೇಲೆ ಏನೂ ಇರಲಿಲ್ಲ.

ಬೆರಳು ಗಾಳಿಯಲ್ಲಿ ನಿಂತಿತ್ತು. ಒಂದು ಸೆಕೆಂಡಿನ ಐದರಲ್ಲೊಂದು ಪಾಲಿರಬಹುದು ಅದು. ಅಷ್ಟರಲ್ಲಿ ಮೇಷ್ಟ್ರಿಗೆ ಹನ್ನೊಂದು ವರ್ಷ ಹಿಡಿದಿದ್ದ ಒಂದು ಕೈ ತಮ್ಮ ಕೈಯಿಂದ ಬಿಟ್ಟುಹೋದಂತಾಯಿತು. ಭಯವಾಗಲಿಲ್ಲ. ಆ ಬರಿದು ಜಾಗ ಎಷ್ಟು ದೊಡ್ಡದಿತ್ತೆಂದರೆ, ಅದರೊಳಗೆ ಯಾರೋ ಇದ್ದಾರೆಂದು ಅನಿಸಿತು.

ಹಲಗೆ ಟಕ್ಕೆಂದಿತು. ಮತ್ತೆ ಮೌನ, ಬಹಳ ಉದ್ದದ ಮೌನ. ಕೊನೆಗೆ ಮರಳು.

“ಬಿಳಿ ಬಾವುಟ,” ಎಂದು ಮೇಡಂ ಅವರ ತೋಳು ಹಿಡಿದರು. ಟೇಪಿನ ತುದಿ ಹಿಡಿದಿದ್ದ ಕಾವಲುಗಾರ, ಅಧಿಕಾರಿ ಬಾಯಿ ತೆರೆಯುವ ಮೊದಲೇ, ಊರಿಗೇ ಕೇಳುವ ಹಾಗೆ ಕೂಗಿದ. “ಆರು ಇಪ್ಪತ್ತಾರು ಗುರುಗಳೇ! ಆರು ಇಪ್ಪತ್ತಾರು!”

ಮೇಷ್ಟ್ರು ಎದ್ದರು. ಮೈತುಂಬ ಮರಳಾಗಿ ಓಡಿಬಂದ ಹುಡುಗಿ ಅವರ ಕಾಲಿಗೆ ಬಗ್ಗುವಷ್ಟರಲ್ಲಿ ಹೆಗಲು ಹಿಡಿದು ನಿಲ್ಲಿಸಿ, “ಎಲ್ಲಿ? ತೋರ್ಸು,” ಎಂದರು.

ಅವಳು ಅವರನ್ನು ಓಟದ ಪಟ್ಟಿಗೆ ಕರೆದುಕೊಂಡು ಹೋದಳು. ಹಲಗೆಯಿಂದ ಎರಡು ಮೀಟರಿನಷ್ಟು ಹಿಂದೆ ನಿಂತು, ಅವರ ಕೈಯನ್ನು ಮೆಲ್ಲಗೆ ಕೆಳಗಿಳಿಸಿದಳು. “ಇಲ್ಲೇ ಸರ್.”

ಮೇಷ್ಟ್ರು ಮಂಡಿಯೂರಿ ಅಂಗೈಯನ್ನು ಪೂರ್ತಿ ಬಿಡಿಸಿ ನೆಲದ ಮೇಲಿಟ್ಟರು. ಕೆಂಪು ರಬ್ಬರು ಬಿಸಿಲಿಗೆ ಬೆಚ್ಚಗಿತ್ತು. ಅದರ ಮೇಲೆ ಯಾವ ಗುರುತೂ ಕೈಗೆ ಹತ್ತಲಿಲ್ಲ. ಅವರು ಕೈ ತೆಗೆಯಲಿಲ್ಲ. ಪಟ್ಟಿಯ ಆ ತುದಿಯಲ್ಲಿ ಮುಂದಿನ ಹುಡುಗಿ ಓಡಲು ಸಿದ್ಧಳಾಗಿ ನಿಂತಿದ್ದಳು. ಅಧಿಕಾರಿ ಏನೋ ಹೇಳಲು ಹೋದವನು, ಎರಡೂ ಬಾವುಟಗಳನ್ನು ತೊಡೆಯ ಮೇಲಿಟ್ಟುಕೊಂಡು, ಕಾದ.